ಡೆನ್ಮಾರ್ಕಿನ ಮರದ ಶೂ: ಕೆಸರಲ್ಲಿ ಹುಟ್ಟಿ, ಹಡಗು ಹತ್ತಿ, ಮೊಮ್ಮಕ್ಕಳ ಕೈಗೆ ಬಂದ ಕಸುಬು

ಕ್ಲಾಗ್ಸ್ ಅನ್ನೋ ಹೆಸರು ಈಗ ಎಲ್ಲಾ ಕಡೆ ಕೇಳ್ತಿದೆ. ಬೆಂಗಳೂರಿನ ಮಾಲ್‌ಗಳಲ್ಲಿ ಕಾಲೇಜು ಹುಡುಗ ಹುಡುಗಿಯರ ಕಾಲಲ್ಲಿ ಮುಂದೆ ಮುಚ್ಚಿದ, ಹಿಂದೆ ಓಪನ್ ಇರೋ, ಗುಂಡು ಮೂತಿಯ ದಪ್ಪ ಶೂ ಕಾಣ್ಸತ್ತೆ, ಕ್ರಾಕ್ಸ್ ಕಂಪನಿಯವರ ಮೆತ್ತನೆ ಪಾದರಕ್ಷೆಯನ್ನೂ ಕ್ಲಾಗ್ ಅಂತಲೇ ಮಾರ್ತಾರೆ, ಇನ್ನು ಅಮೆರಿಕದಲ್ಲಿ ನರ್ಸೋ ಡಾಕ್ಟರೋ ಆಗಿರೋ ನಮ್ಮವರನ್ನ ಕೇಳಿ ನೋಡಿ, ಹನ್ನೆರಡು ಗಂಟೆ ಶಿಫ್ಟಿಗೆ ಡ್ಯಾನ್ಸ್ಕೊ ಕಂಪನಿಯ ಕ್ಲಾಗ್ ಇಲ್ದೆ ಆಗಲ್ಲ ಅನ್ನೋರು ಸಿಕ್ಕೇ ಸಿಕ್ತಾರೆ.

ಈ ಆಕಾರವನ್ನ ಯಾವ ಡಿಸೈನರ್ರೂ ಕೂತು ಬರೆದಿಲ್ಲ. ಉತ್ತರ ಯುರೋಪಿನ ಕೆಸರಲ್ಲಿ, ದನದ ಕೊಟ್ಟಿಗೆಯಲ್ಲಿ, ಚರ್ಮದ ಶೂಗೆ ದುಡ್ಡಿಲ್ಲದ ರೈತರ ಕಾಲಲ್ಲಿ ಶತಮಾನಗಟ್ಟಲೆ ತೇಯ್ದು ತೇಯ್ದು ಇದು ಹೀಗಾಗಿದ್ದು. ಕ್ಲಾಗ್ ಅಂದ ತಕ್ಷಣ ಎಲ್ರಿಗೂ ನೆನಪಾಗೋದು ಹಾಲೆಂಡು, ಟುಲಿಪ್ ಹೂ ಬರೆದ ಹಳದಿ ಶೂ. ಪಕ್ಕದ ಡೆನ್ಮಾರ್ಕಿನದು ಆ ಹಳದಿ ಬಣ್ಣದ ಮರೆಯಲ್ಲಿ ಕಾಣೋದೇ ಇಲ್ಲ. ಆದ್ರೆ ಇವತ್ತು ಆಸ್ಪತ್ರೆ, ಹೋಟೆಲ್ ಕಿಚನ್‌ಗಳಲ್ಲಿ ಓಡಾಡ್ತಿರೋ ಎಷ್ಟೋ ಕ್ಲಾಗ್‌ಗಳ ಬೇರು ಡೆನ್ಮಾರ್ಕಲ್ಲೇ ಇದೆ, ಜೊತೆಗೆ ಊರು ಬಿಟ್ಟು ಅಮೆರಿಕಕ್ಕೆ ಹೋದ ಡೇನಿಶ್ ಕುಟುಂಬಗಳು ಈ ಕಸುಬನ್ನ ಹೇಗೆ ಬಿಟ್ರು, ಆಮೇಲೆ ಹೇಗೆ ಹುಡುಕ್ಕೊಂಡು ಬಂದ್ರು ಅನ್ನೋದೂ ಒಂದು ದೊಡ್ಡ ಕಥೆ. ಹಾಗಾಗಿ ಬುಡದಿಂದ ಶುರು ಮಾಡೋಣ.

ಟ್ರೆಸ್ಕೊ ಅಂದ್ರೆ ಒಂದೇ ಥರದ ಶೂ ಅಲ್ಲ

ಡೆನ್ಮಾರ್ಕಲ್ಲಿ ಮರದ ಶೂಗೆ ಟ್ರೆಸ್ಕೊ ಅಂತಾರೆ. ಇದರಲ್ಲಿ ಮೂರು ಜಾತಿ ಇದೆ ಅಂತ ಇಟ್ಕೊಳ್ಳಿ, ಈ ಮೂರನ್ನ ಬೇರೆ ಬೇರೆ ಮಾಡಿ ನೋಡದಿದ್ರೆ ಮುಂದಿನದೆಲ್ಲ ಕಲಸುಮೇಲೋಗರ ಆಗತ್ತೆ.

ಮೊದಲನೇದು ಪೂರ್ತಿ ಮರದ್ದು. ಒಂದೇ ಮರದ ತುಂಡನ್ನ ಹೊರಗೆ ಕೆತ್ತಿ ಒಳಗೆ ಕೊರೆದು ಮಾಡಿದ್ದು, ಅಂಟಿಲ್ಲ, ಹೊಲಿಗೆ ಇಲ್ಲ. ಪಾದದ ಮೇಲ್ಭಾಗಕ್ಕೆ ಮರ ಒತ್ತಿ ನೋವಾಗತ್ತೆ ಅಂತ ಅಲ್ಲೊಂದು ಚರ್ಮದ ಪಟ್ಟಿ ಹೊಡೆಯೋದೂ ಇತ್ತು, ಬೇಗ ಸವೆಯಬಾರದು ಅಂತ ಅಡಿಗೆ ಕಬ್ಬಿಣದ ಪಟ್ಟಿ ಬಡಿಯೋದೂ ಇತ್ತು. ಎರಡನೇದು ಬೂಟು: ಅಡಿ ಮರದ್ದು, ಮೇಲೆ ಚರ್ಮ, ಚರ್ಮದ ಅಂಚನ್ನ ಮರದ ಸುತ್ತ ಮೊಳೆ ಹೊಡೆದು ಕೂರಿಸಿರ್ತಾರೆ. ಮೀನುಗಾರರು, ಹೊಲದ ಆಳುಗಳು, ನೀರಲ್ಲೇ ನಿಂತು ಕೆಲಸ ಮಾಡೋರೆಲ್ಲ ಹಾಕ್ತಿದ್ದಿದ್ದು ಇದನ್ನ. ಮೂರನೇದು ಅದೇ ಬೂಟಿನ ಗಿಡ್ಡ ರೂಪ, ಸುಮ್ನೆ ಕಾಲು ತೂರಿಸಿ ಹೊರಟುಬಿಡೋ ಥರದ್ದು. ಈಗ ನಾವು ಅಂಗಡಿಯಲ್ಲಿ ನೋಡೋದು ಹೆಚ್ಚಾಗಿ ಈ ಮೂರನೇ ಜಾತಿಯ ಮೊಮ್ಮಕ್ಕಳು.

ಮರದ ಪಾದರಕ್ಷೆ ಡೆನ್ಮಾರ್ಕಿನ ಸ್ವಂತ ಆಸ್ತಿ ಅಂತ ಯಾರೂ ಹೇಳಲ್ಲ. ಹಾಲೆಂಡಲ್ಲಿ ಇದೆ, ಫ್ರಾನ್ಸಲ್ಲಿ ಇದೆ, ಇಂಗ್ಲೆಂಡಿನ ಲ್ಯಾಂಕಾಶೈರ್ ಹತ್ತಿ ಗಿರಣಿಗಳ ಕಾರ್ಮಿಕರು ಹಾಕ್ತಿದ್ರು, ಜಪಾನಲ್ಲಿ ಬೇರೆ ಥರ ಇದೆ. ನಮ್ಮ ಮಠಗಳ ಸ್ವಾಮಿಗಳು ಹಾಕೋ ಹಾವುಗೆಯೂ ಮರದ್ದೇ, ಆದ್ರೆ ಅದು ಹಲಗೆ ಮತ್ತು ಗುಬುಟು ಅಷ್ಟೇ, ಕಾಲನ್ನ ಮುಚ್ಚೋ ಉದ್ದೇಶ ಅದಕ್ಕಿಲ್ಲ. ಟ್ರೆಸ್ಕೊ ಕೆಲಸವೇ ಕಾಲನ್ನ ಮುಚ್ಚೋದು.

ಯಾಕೆ ಮರ?

ಡೆನ್ಮಾರ್ಕ್ ತಗ್ಗಾದ, ಒದ್ದೆಯಾದ ದೇಶ. ಬೆಟ್ಟ ಅನ್ನೋದೇ ಇಲ್ಲ ಅನ್ನಬಹುದು, ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ 171 ಮೀಟರ್ ಅಷ್ಟೇ. ಚಳಿಗಾಲ ಅಂದ್ರೆ ಬರೀ ಬಿಳಿ ಹಿಮ ಅಂತ ನಾವು ಅಂದ್ಕೋತೀವಿ, ಅಲ್ಲಿಯ ಚಳಿಗಾಲದಲ್ಲಿ ಜಾಸ್ತಿ ಇರೋದು ಮಳೆ, ಮಂಜು, ಅರ್ಧ ಕರಗಿದ ಹಿಮ, ಕೆಸರು. ಇಂಥ ಕಡೆ ಚರ್ಮದ ಶೂ ಎರಡು ದಿನದಲ್ಲಿ ನೀರು ಕುಡಿದು ಮೆತ್ತಗಾಗತ್ತೆ, ಒಣಗಿಸಿದ್ರೆ ಕಲ್ಲಾಗತ್ತೆ, ಕೊಟ್ಟಿಗೆಯ ಗಂಜಲ ತಾಗಿದ್ರಂತೂ ಹಾಳಾಗತ್ತೆ. ಮರಕ್ಕೆ ಇದ್ಯಾವುದೂ ಅಷ್ಟಾಗಿ ಲೆಕ್ಕಕ್ಕಿಲ್ಲ.

ಬೆಚ್ಚಗಿರೋದೂ ಒಂದು ಕಾರಣ. ಮರದ ಒಳಗೆ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಸಣ್ಣ ಕೊಳವೆಗಳಿರ್ತವೆ, ಒಣಗಿದ ಮೇಲೆ ಅವುಗಳಲ್ಲಿ ತುಂಬ್ಕೊಳ್ಳೋದು ಗಾಳಿ. ನಿಂತ ಗಾಳಿ ಶಾಖವನ್ನ ಸುಲಭವಾಗಿ ದಾಟಿಸಲ್ಲ. ಹಾಗಾಗಿ ಕೆಳಗಡೆ ನೆಲ ಹೆಪ್ಪುಗಟ್ಟಿದ್ರೂ ಪಾದದ ಬಿಸಿ ನೆಲಕ್ಕೆ ಸೋರಿಹೋಗೋದು ನಿಧಾನ. ಅದರ ಮೇಲೆ ಒಳಗೆ ಒಂದು ಹಿಡಿ ಹುಲ್ಲು ತುರುಕ್ತಿದ್ರು, ಉಣ್ಣೆ ಕಾಲುಚೀಲ ಹಾಕ್ತಿದ್ರು. ಹುಲ್ಲು ಬೆವರು ಹೀರತ್ತೆ, ಸಂಜೆ ತೆಗೆದು ಬಿಸಾಕಿ ನಾಳೆ ಹೊಸದು ಹಾಕಿದ್ರಾಯ್ತು, ಈಗಿನ ಇನ್‌ಸೋಲ್ ಕೆಲಸವನ್ನೆಲ್ಲ ಪುಕ್ಕಟೆ ಹುಲ್ಲು ಮಾಡ್ತಿತ್ತು.

ಆದ್ರೆ ಎಲ್ಲಕ್ಕಿಂತ ದೊಡ್ಡ ಕಾರಣ ದುಡ್ಡು. ಹಳೇ ಡೆನ್ಮಾರ್ಕಲ್ಲಿ ಚರ್ಮದ ಶೂ ಹೊಲಿಯೋದು ಪಟ್ಟಣದ ಕಸುಬು, ಅದಕ್ಕೆ ಗಿಲ್ಡ್ ಅಂತ ವೃತ್ತಿಸಂಘ, ಸಂಘಕ್ಕೆ ನಿಯಮ, ಯಾರು ಎಲ್ಲಿ ಕೆಲಸ ಮಾಡ್ಬಹುದು ಅಂತ ಕಟ್ಟುಪಾಡು. ಈ ವ್ಯವಸ್ಥೆ ಮುರಿದು ಯಾರು ಬೇಕಾದ್ರೂ ಯಾವ ಕಸುಬು ಬೇಕಾದ್ರೂ ಮಾಡಬಹುದು ಅನ್ನೋ ಕಾನೂನು ಆಗಿದ್ದು 1857ರಲ್ಲಿ, ಅದು ಪೂರ್ತಿ ಜಾರಿಗೆ ಬಂದಿದ್ದು 1862ರಲ್ಲಿ. ಮರದ ಶೂ ಮಾಡೋದು ಹಳ್ಳಿಯವರ ಕೆಲಸ. ಕಾಡಿನ ಪಕ್ಕ ಇರೋ, ಜಮೀನು ಅಂಗೈಯಗಲ ಇರೋ ರೈತರು ಚಳಿಗಾಲದಲ್ಲಿ ಹೊಲದ ಕೆಲಸ ಇಲ್ದಾಗ ಮನೇಲೇ ಕೂತು ಟ್ರೆಸ್ಕೊ ಕೆತ್ತಿ ಸಂತೆಗೆ ಒಯ್ತಿದ್ರು. ಯೂಟ್ಲಂಡ್ ಅನ್ನೋ ಡೆನ್ಮಾರ್ಕಿನ ದೊಡ್ಡ ಭೂಭಾಗದ ನಡುಮಧ್ಯ, ಸಿಲ್ಕೆಬೋರ್ ಸುತ್ತಮುತ್ತಲ ಕಾಡು ಪ್ರದೇಶ ಇದಕ್ಕೆ ಹೆಸರಾಗಿತ್ತು. ದೊಡ್ಡ ಹೊಲಮನೆಗಳಲ್ಲಿ ಆಳುಗಳಿಗೆ ಸಂಬಳದ ಒಂದು ಪಾಲು ವಸ್ತುವಿನ ರೂಪದಲ್ಲೇ ಸಿಗ್ತಿತ್ತು, ಬಟ್ಟೆ, ಉಣ್ಣೆ, ಅದರ ಜೊತೆ ಟ್ರೆಸ್ಕೊ. ಅಂದ್ರೆ ಇದನ್ನ ಯಾರೂ ಚೆಂದಕ್ಕೆ ಅಂತ ಹಾಕ್ಕೊಂಡಿದ್ದಲ್ಲ.

ಒಂದು ಮಾತು ಇಲ್ಲಿ ಸೇರಿಸ್ಬೇಕು. ಮರ ಪುಕ್ಕಟೆ ಸಿಗ್ತಿತ್ತು ಅಂತ ಅಂದ್ಕೋಬೇಡಿ. ಹಡಗು, ಮನೆ, ಸೌದೆ, ಬೇಲಿ, ಶೂ ಎಲ್ಲಕ್ಕೂ ಕಡಿದು ಕಡಿದು 1800ರ ಹೊತ್ತಿಗೆ ಡೆನ್ಮಾರ್ಕಲ್ಲಿ ಕಾಡು ನೆಲದ ಶೇಕಡಾ 4ಕ್ಕಿಂತ ಕಮ್ಮಿ ಉಳಿದಿತ್ತು. 1805ರಲ್ಲಿ ಸರ್ಕಾರ ಕಠಿಣ ಅರಣ್ಯ ಕಾನೂನು ತಂದು, ಇರೋ ಕಾಡಿಗೆ ಬೇಲಿ ಹಾಕಿ, ದನ ಬಿಡೋ ಹಾಗಿಲ್ಲ ಅಂತ ಮಾಡಿದ ಮೇಲೇ ಕಾಡು ಮತ್ತೆ ಬೆಳೀತಾ ಬಂದಿದ್ದು. ಹಾಗಾಗಿ ಒಂದು ದಿಮ್ಮಿಯಿಂದ ಎಷ್ಟು ಜೊತೆ ತೆಗೀಬಹುದು ಅನ್ನೋ ಲೆಕ್ಕ ಕಸುಬುದಾರನಿಗೆ ಬಾಯಿಪಾಠ ಇರಬೇಕಿತ್ತು.

ಮರ ಬಗ್ಗಲ್ಲ, ಮತ್ತೆ ನಡೆಯೋದು ಹೇಗೆ?

ನಾವು ಹೆಜ್ಜೆ ಇಡುವಾಗ ಹಿಮ್ಮಡಿ ಮೇಲೆದ್ದು ಪಾದ ಬೆರಳಿನ ಬುಡದಲ್ಲಿ ಬಗ್ಗತ್ತೆ. ಚರ್ಮದ ಶೂ ಆದ್ರೆ ಅದೂ ಜೊತೆಗೆ ಬಗ್ಗತ್ತೆ. ಮರ ಬಗ್ಗಲ್ಲ. ಅದಕ್ಕೆ ಎರಡು ಉಪಾಯ ಮಾಡ್ಕೊಂಡಿದ್ದಾರೆ, ಈ ಎರಡು ಗೊತ್ತಾದ್ರೆ ಕ್ಲಾಗ್ ಯಾಕೆ ಹಾಗಿದೆ ಅನ್ನೋದು ಮುಕ್ಕಾಲು ಅರ್ಥ ಆದ ಹಾಗೆ.

ಒಂದು, ಅಡಿಭಾಗದ ಮುಂದಿನ ತುದಿ ನೆಲ ಬಿಟ್ಟು ಮೇಲಕ್ಕೆ ಎದ್ದಿರತ್ತೆ. ಹೆಜ್ಜೆ ಮುಂದಕ್ಕೆ ಹೋಗುವಾಗ ಶೂ ಬಗ್ಗೋ ಬದಲು ಆ ತಿರುವಿನ ಮೇಲೆ ಹೊರಳತ್ತೆ. ಈ ತಿರುವು ಎಲ್ಲಿ ಶುರುವಾಗ್ಬೇಕು ಅನ್ನೋದೇ ಕೆತ್ತೋನ ಜಾಣ್ಮೆ. ಬೆರಳಿನ ಬುಡಕ್ಕಿಂತ ತುಂಬಾ ಮುಂದೆ ಹೋದ್ರೆ ಪ್ರತಿ ಹೆಜ್ಜೆಗೂ ಎಡವಿದ ಹಾಗಾಗತ್ತೆ, ತುಂಬಾ ಹಿಂದೆ ಬಂದ್ರೆ ನಿಂತಾಗ ಮುಂದಕ್ಕೆ ವಾಲಿದ ಹಾಗಾಗತ್ತೆ.

ಎರಡು, ಹಿಮ್ಮಡಿ ಸಡಿಲ. ಪಾದ ಬಗ್ಗಿದಾಗ ಹಿಮ್ಮಡಿ ಶೂ ಒಳಗಿಂದ ಸ್ವಲ್ಪ ಮೇಲೆ ಬರ್ಬೇಕು, ಮತ್ತೆ ಕೆಳಗೆ ಕೂರ್ಬೇಕು. ಅದಕ್ಕೇ ಸೈಜು ಬಿಗಿಯಾಗಿ ತಗೊಳ್ಳೋ ಹಾಗಿಲ್ಲ, ಅದಕ್ಕೇ ಟಕ್ ಟಕ್ ಸದ್ದು. ಶೂ ಕಾಲಿಂದ ಜಾರದ ಹಾಗೆ ಹಿಡಿಯೋದು ಹಿಮ್ಮಡಿಯೂ ಅಲ್ಲ ಬೆರಳೂ ಅಲ್ಲ, ಪಾದದ ಮೇಲ್ಭಾಗದ ಉಬ್ಬು. ಮೊದಲ ಸಲ ಹಾಕ್ಕೊಂಡವರಿಗೆ ಅಲ್ಲೇ ನೋವು ಬರೋದು.

ಕಾಲ ಮೇಲೆ ಹಸು ಗೊರಸಿಟ್ರೂ, ಕೊಡಲಿ ಜಾರಿ ಬಿದ್ರೂ ಮರ ತಡ್ಕೊಳ್ಳತ್ತೆ. ಇದು ಬರೀ ಅಜ್ಜಿಕಥೆ ಅಲ್ಲ, ಹಾಲೆಂಡಿನ ಮರದ ಶೂಗಳಿಗೆ 1997ರಲ್ಲಿ ಯುರೋಪಿನ ಸುರಕ್ಷತಾ ಪರೀಕ್ಷೆ ಪಾಸಾಗಿ ಸಿಇ ಮಾರ್ಕ್ ಸಿಕ್ಕಿದೆ, ಫ್ಯಾಕ್ಟರಿ ಸೇಫ್ಟಿ ಶೂಗೆ ಕೊಡೋ ಅದೇ ಮಾರ್ಕ್.

ಹಸಿ ಮರ, ಸೊಟ್ಟ ಚಾಕು, ಹೊಗೆ

ಮಾಡೋ ವಿಧಾನದಲ್ಲಿ ಹೊರಗಿನವರಿಗೆ ಆಶ್ಚರ್ಯ ಆಗೋದು ಒಂದು ವಿಷಯಕ್ಕೆ: ಒಣ ಮರ ತಗೊಳ್ಳಲ್ಲ, ಆಗ ತಾನೇ ಕಡಿದ ಹಸಿ ಮರ ಬೇಕು. ಡೆನ್ಮಾರ್ಕಲ್ಲಿ ಹೆಚ್ಚಾಗಿ ಬಳಸ್ತಿದ್ದಿದ್ದು ಬೀಚ್ ಮತ್ತು ಆಲ್ಡರ್, ಕೆಲವು ಕಡೆ ಬರ್ಚ್, ಆಸ್ಪೆನ್, ವಿಲೋ. ಬೀಚ್ ಗಟ್ಟಿ, ಭಾರ, ತುಂಬಾ ಬಾಳಿಕೆ. ಆಲ್ಡರ್ ಒದ್ದೆ ನೆಲದಲ್ಲೇ ಬೆಳೆಯೋ ಮರ, ಹಗುರ, ಕೆತ್ತೋಕೆ ಬೆಣ್ಣೆ. ಹೊಲದ ಕೆಲಸಕ್ಕೆ ಯಾವುದು, ಮನೆಯಂಗಳಕ್ಕೆ ಯಾವುದು ಅನ್ನೋ ಆಯ್ಕೆ ಇಲ್ಲಿಂದಲೇ ಶುರು.

ಹಸಿ ಮರವೇ ಯಾಕೆ ಅಂದ್ರೆ, ಮರ ಒಣಗಿದ ಹಾಗೆ ಗಟ್ಟಿಯಾಗತ್ತೆ, ಒಣಗಿದ ಬೀಚನ್ನ ಕೈಚಾಕುವಿಂದ ಒಳಗೆ ಕೊರೆಯೋದು ಅಂದ್ರೆ ಕೈ ಮುರ್ಕೊಳ್ಳೋದೇ. ಇನ್ನೊಂದು ಕಾರಣ ಬಿರುಕು. ಮರ ಒಣಗುವಾಗ ಕುಗ್ಗತ್ತೆ, ಆದ್ರೆ ಎಲ್ಲಾ ದಿಕ್ಕಿಗೂ ಒಂದೇ ಸಮ ಕುಗ್ಗಲ್ಲ. ಮರದ ಉಂಗುರಗಳ ಗುಂಟ ಎಷ್ಟು ಕುಗ್ಗತ್ತೋ ಅದರ ಸುಮಾರು ಅರ್ಧದಷ್ಟು ಮಾತ್ರ ನಡುವಿನಿಂದ ತೊಗಟೆ ಕಡೆಗಿನ ದಿಕ್ಕಲ್ಲಿ ಕುಗ್ಗತ್ತೆ, ಈ ಎಳೆದಾಟಕ್ಕೇ ಇಡೀ ದಿಮ್ಮಿ ಬಿಸಿಲಲ್ಲಿ ಬಿಟ್ರೆ ಸೀಳೋದು. ಹಸಿ ಇರುವಾಗಲೇ ಒಳಗೆ ಕೊರೆದು ಗೋಡೆ ತೆಳ್ಳಗೆ ಮಾಡ್ಬಿಟ್ರೆ ನೀರು ಸಮವಾಗಿ ಹೊರಗೆ ಹೋಗತ್ತೆ, ಎಳೆದಾಟ ಕಮ್ಮಿ. ಈ ವಿಜ್ಞಾನ ಯಾವ ಪುಸ್ತಕದಲ್ಲೂ ಓದದೆ ಹಳ್ಳಿಯವರಿಗೆ ಕೈಯಲ್ಲೇ ಗೊತ್ತಿತ್ತು.

ದಿಮ್ಮಿಯನ್ನ ಶೂ ಉದ್ದಕ್ಕೆ ತುಂಡು ಮಾಡ್ತಾರೆ, ಸೀಳ್ತಾರೆ, ಎಡದ್ದು ಬಲದ್ದು ಎರಡೂ ಆದಷ್ಟು ಒಂದೇ ತುಂಡಿನಿಂದ ತೆಗೀತಾರೆ, ಇಲ್ಲಾಂದ್ರೆ ಒಣಗಿದ ಮೇಲೆ ಒಂದು ಚಿಕ್ಕದು ಒಂದು ದೊಡ್ಡದು ಆಗತ್ತೆ. ಮೊದಲು ಕೊಡಲಿಯಿಂದ ಒರಟು ಆಕಾರ. ಆಮೇಲೆ ಉದ್ದ ಹಿಡಿಯ ಒಂದು ಚಾಕು, ಅದರ ಒಂದು ತುದಿಯನ್ನ ಬೆಂಚಿನ ಮೇಲಿನ ಬಳೆಗೆ ಸಿಕ್ಕಿಸಿರ್ತಾರೆ, ಇನ್ನೊಂದು ತುದಿ ಕೈಯಲ್ಲಿ. ಬಳೆ ಆಧಾರ ಕೊಡೋದ್ರಿಂದ ಕಮ್ಮಿ ಬಲಕ್ಕೆ ದಪ್ಪ ಸಿಪ್ಪೆ ಬರತ್ತೆ, ಹೊರಗಿನ ರೂಪ ಎಲ್ಲ ಇದರಲ್ಲೇ ಮುಗಿಯತ್ತೆ. ನಂತರ ಎರಡೂ ಶೂಗಳನ್ನ ಪಕ್ಕಪಕ್ಕ ಬೆಣೆ ಬಡಿದು ಬೆಂಚಿಗೆ ಬಿಗಿದು, ಚಮಚದ ಬಾಯಿ ಇರೋ ಬೈರಿಗೆಯಿಂದ ಒಳಗೆ ಕೊರೀತಾರೆ, ಸಣ್ಣದರಿಂದ ಶುರು ಮಾಡಿ ದೊಡ್ಡದಕ್ಕೆ. ಕೊನೆಗೆ ತುದಿ ಸೊಟ್ಟ ಇರೋ ಚಾಕು ಹಾಕಿ ಬೆರಳಿನ ಜಾಗ, ಹಿಮ್ಮಡಿಯ ಗುಳಿ ನಯ ಮಾಡೋದು. ಒಳಗೆ ಏನಾಗ್ತಿದೆ ಅಂತ ಕಣ್ಣಿಗೆ ಕಾಣಲ್ಲ, ಬೆರಳು ಹಾಕಿ ಮುಟ್ಟಿ ನೋಡ್ಕೊಂಡೇ ಮಾಡ್ಬೇಕು, ಮುಂದಿನ ಗೋಡೆ ಎಷ್ಟು ತೆಳ್ಳಗಾಗಿದೆ ಅನ್ನೋದನ್ನ ಚಾಕು ಕೊರೆಯೋ ಸದ್ದಲ್ಲೇ ಅಂದಾಜು ಮಾಡ್ಬೇಕು, ಒಂದು ಏಟು ಜಾಸ್ತಿ ಆದ್ರೆ ತೂತು, ಜೊತೆಯೇ ಹೋಯ್ತು.

ಒಣಗೋಕೆ ನೆರಳಲ್ಲಿ ವಾರಗಟ್ಟಲೆ ಬೇಕು. ಮರದ ಸಿಪ್ಪೆಯದೇ ಬೆಂಕಿ ಹಾಕಿ ಹೊಗೆಯಲ್ಲಿ ಇಡೋ ಪದ್ಧತಿಯೂ ಇತ್ತು, ಹೊಗೆ ಹಿಡಿದ್ರೆ ಹುಳ ಬರಲ್ಲ, ಬಣ್ಣ ಕಂದಾಗತ್ತೆ. ಅಂಗಡಿಯಲ್ಲಿ ಸಿಗೋ ಹೂ ಬರೆದ ಹೊಳೆಯೋ ಶೂ ಟೂರಿಸ್ಟ್ ಕಾಲದ್ದು. ನನ್ನ ಪ್ರಕಾರ ಮ್ಯೂಸಿಯಂ ಮೂಲೆಯಲ್ಲಿ ಹೊಗೆಬಣ್ಣಕ್ಕೆ ತಿರುಗಿ, ಕಬ್ಬಿಣದ ಪಟ್ಟಿ ಸವೆದು, ಒಳಗೆ ಯಾರದ್ದೋ ಹೆಬ್ಬೆರಳಿನ ಗುಳಿ ಬಿದ್ದಿರೋ ಶೂ ಹೇಳೋವಷ್ಟು ವಿಷಯ ಆ ಹೂವಿನ ಶೂ ಹೇಳಲ್ಲ.

ಮೆಷಿನ್ ಬಂದ ಮೇಲೆ

ನಕಲಿ ಕೀ ಮಾಡಿಸೋಕೆ ಹೋದಾಗ ನೋಡಿರ್ತೀರಿ, ಅಂಗಡಿಯವ ಒಂದು ಕಡೆ ಹಳೇ ಕೀ ಸಿಕ್ಕಿಸ್ತಾನೆ, ಇನ್ನೊಂದು ಕಡೆ ಖಾಲಿ ಕೀ. ಒಂದು ಸೂಜಿ ಹಳೇ ಕೀಯ ಏರಿಳಿತ ಸವರ್ಕೊಂಡು ಹೋಗತ್ತೆ, ಅದಕ್ಕೆ ಜೋಡಿಸಿದ ಬ್ಲೇಡು ಅದೇ ಏರಿಳಿತವನ್ನ ಹೊಸ ಕೀ ಮೇಲೆ ಕೊರೆಯತ್ತೆ. ಇದೇ ತತ್ವದ ಲೇತನ್ನ ಅಮೆರಿಕದ ಥಾಮಸ್ ಬ್ಲಾಂಚರ್ಡ್ 1819ರ ಹೊತ್ತಿಗೆ ಬಂದೂಕಿನ ಮರದ ಹಿಡಿ ಮಾಡೋಕೆ ಅಂತ ತಂದ. ಸೊಟ್ಟಪಟ್ಟ ಆಕಾರದ ಮರದ ವಸ್ತುವನ್ನ ಮೆಷಿನ್‌ನಲ್ಲಿ ಕೆತ್ತೋ ದಾರಿ ತೆರೆದಿದ್ದು ಅಲ್ಲಿಂದ. ಈ ಥರದ ನಕಲು ಲೇತುಗಳು ಮುಂದೆ ಮರದ ಶೂ ಕೆಲಸಕ್ಕೂ ಬಂದ್ವು. ಒಂದು ಒಳ್ಳೇ ಮಾದರಿ ಶೂ ಇದ್ರೆ ಸಾಕು, ಉಳಿದಿದ್ದು ಯಂತ್ರ ನೋಡ್ಕೊಳ್ಳತ್ತೆ.

ಕೈಕಸುಬಿಗೆ ಇದು ಮೊದಲ ಏಟು. ಎರಡನೇ ಏಟು ರಬ್ಬರ್ ಬೂಟು, ಅಗ್ಗದ ಫ್ಯಾಕ್ಟರಿ ಶೂ. ಆದ್ರೆ ಮರದ ಅಡಿ, ಚರ್ಮದ ಮೇಲ್ಭಾಗ ಇರೋ ಗಿಡ್ಡ ಕ್ಲಾಗ್ ಮಾತ್ರ ಫ್ಯಾಕ್ಟರಿಗೇ ಹೊಂದ್ಕೊಂಡು ಬಿಡ್ತು. ಯೂಟ್ಲಂಡಿನ ಹರ್ನಿಂಗ್ ಹತ್ರ 1907ರಲ್ಲಿ ಕ್ರಿಸ್ಟಿಯಾನ್ ಮೆಲ್ಗೋರ್ ಆಂಡರ್ಸನ್ ಅನ್ನೋರು ಶುರು ಮಾಡಿದ ಕ್ಲಾಗ್ ಕೆಲಸ ಮುಂದೆ ಸನಿಟಾ ಅನ್ನೋ ಕಂಪನಿಯಾಗಿ ಇವತ್ತಿಗೂ ಇದೆ. ಎರಡನೇ ಮಹಾಯುದ್ಧದಲ್ಲಿ, 1940ರ ಏಪ್ರಿಲ್‌ನಿಂದ 1945ರ ಮೇವರೆಗೆ ಜರ್ಮನ್ ಸೇನೆ ಡೆನ್ಮಾರ್ಕನ್ನ ಹಿಡ್ಕೊಂಡಿದ್ದಾಗ ಚರ್ಮವೂ ಇಲ್ಲ ರಬ್ಬರೂ ಇಲ್ಲ, ಆಗ ಹಳ್ಳಿಯವರದ್ದು ಅಂತ ಮೂಗು ಮುರೀತಿದ್ದ ಪಟ್ಟಣದವರೂ ಮರದ ಅಡಿಯ ಶೂ ಹಾಕಿದ್ರು. ಆಮೇಲೆ 1970ರ ದಶಕದಲ್ಲಿ ಅದೇ ಕ್ಲಾಗ್ ಸ್ಕ್ಯಾಂಡಿನೇವಿಯಾದಿಂದ ಹೊರಟು ಯುವಜನರ ಫ್ಯಾಷನ್ ಆಯ್ತು.

ಹಡಗು ಹತ್ತಿದವರು

1801ರಲ್ಲಿ ಡೆನ್ಮಾರ್ಕಿನ ಜನಸಂಖ್ಯೆ ಸುಮಾರು 9.3 ಲಕ್ಷ, 1901ಕ್ಕೆ ಸುಮಾರು 24.5 ಲಕ್ಷ. ಜನ ಎರಡೂವರೆ ಪಟ್ಟು ಆದ್ರು, ಜಮೀನು ಅಷ್ಟೇ. ಮೇಲಿಂದ 1864ರ ಯುದ್ಧದಲ್ಲಿ ಪ್ರಷ್ಯಾ ಮತ್ತು ಆಸ್ಟ್ರಿಯಾ ಎದುರು ಸೋತು ದಕ್ಷಿಣದ ಶ್ಲೆಸ್ವಿಗ್ ಪ್ರಾಂತ ಕೈಬಿಟ್ಟು ಹೋಯ್ತು, ಅಲ್ಲಿದ್ದ ಡೇನಿಶ್ ಹುಡುಗರು ಶತ್ರು ಸೇನೆಯಲ್ಲಿ ಸಿಪಾಯಿ ಆಗ್ಬೇಕಾದ ಪರಿಸ್ಥಿತಿ. ಉತ್ತರದ ಭಾಗ ವಾಪಸ್ ಬಂದಿದ್ದು 1920ರಲ್ಲಿ, ಜನಮತ ಹಾಕಿ. ಇದರ ಜೊತೆ ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಅನ್ನೋ ಕ್ರೈಸ್ತ ಪಂಥದ ಪ್ರಚಾರಕರು 1850ರಿಂದ ಡೆನ್ಮಾರ್ಕಿಗೆ ಬಂದು ಸಾವಿರಾರು ಜನರನ್ನ ಅಮೆರಿಕದ ಯೂಟಾಗೆ ಕರ್ಕೊಂಡು ಹೋದ್ರು. ಎಲ್ಲಾ ಸೇರಿ 19ನೇ ಶತಮಾನದ ಮಧ್ಯದಿಂದ ಮೊದಲ ಮಹಾಯುದ್ಧದ ತನಕ ಸುಮಾರು 3 ಲಕ್ಷ ಡೇನರು ದೇಶ ಬಿಟ್ರು, ಬಹುಪಾಲು ಅಮೆರಿಕಕ್ಕೆ.

ಹೋದವರಲ್ಲಿ ಹೆಚ್ಚಿನವರು ಜಮೀನಿಲ್ಲದ ಕೂಲಿಗಳು, ಸಣ್ಣ ರೈತರು, ಹಳ್ಳಿಯ ಕಸುಬುದಾರರು. ಅಂದ್ರೆ ಟ್ರೆಸ್ಕೊ ಹಾಕೋ ಜನ, ಟ್ರೆಸ್ಕೊ ಮಾಡೋ ಜನ. ಐಯೊವಾ ರಾಜ್ಯದ ಎಲ್ಕ್ ಹಾರ್ನ್ ಮತ್ತು ಕಿಂಬಲ್ಟನ್, ಮಿನೆಸೋಟಾದ ಟೈಲರ್, ವಿಸ್ಕಾನ್ಸಿನ್‌ನ ರಸೀನ್, ಹೀಗೆ ಅಲ್ಲಲ್ಲಿ ಗುಂಪುಗುಂಪಾಗಿ ನೆಲೆ ನಿಂತ್ರು.

ಮರದ ಶೂ ಮಾಡೋನಿಗೆ ಅಲ್ಲಿ ಎದುರಾದ ಕಷ್ಟ ಬೇರೆಯದೇ. ಪಶ್ಚಿಮ ಐಯೊವಾ ಅಂದ್ರೆ ಕಣ್ಣಿಗೆ ಕಾಣೋವರೆಗೂ ಹುಲ್ಲುಗಾವಲು, ಮರ ಹೊಳೆಯ ದಡದಲ್ಲಿ ಮಾತ್ರ. ಊರಿನ ಆಲ್ಡರ್ ಅಲ್ಲಿಲ್ಲ. ಸಿಗೋದು ಕಾಟನ್‌ವುಡ್, ಬಾಸ್‌ವುಡ್, ವಿಲೋ, ಉತ್ತರಕ್ಕೆ ಹೋದ್ರೆ ಆಸ್ಪೆನ್. ಮೆತ್ತನೆ ಮರ, ಕೆತ್ತೋಕೆ ಸುಲಭ, ಆದ್ರೆ ಸವೆಯೋದು ಬೇಗ. ಕೈಗೆ ಅಭ್ಯಾಸ ಆಗಿದ್ದ ಲೆಕ್ಕ ಎಲ್ಲ ಮತ್ತೆ ಮೊದಲಿಂದ. ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಅಂಚೆಯಲ್ಲಿ ಕ್ಯಾಟಲಾಗ್ ನೋಡಿ ತರಿಸ್ಕೊಳ್ಳೋ ಅಗ್ಗದ ಶೂ. ರೈಲು ಬಂದ ಕಡೆಯೆಲ್ಲ ಫ್ಯಾಕ್ಟರಿ ಶೂ ಬಂತು. ಮೊದಲ ತಲೆಮಾರಿನ ಅಪ್ಪ ಕೊಟ್ಟಿಗೆಗೆ ಹೋಗುವಾಗ ಟ್ರೆಸ್ಕೊ ಹಾಕ್ತಿದ್ದ, ಶಾಲೆಗೆ ಹೋಗೋ ಮಗ ಮಾತ್ರ ಬೇರೆ ಮಕ್ಕಳ ಹಾಗೆ ಚರ್ಮದ ಶೂನೇ ಬೇಕು ಅಂತಿದ್ದ, ಅದರಲ್ಲಿ ತಪ್ಪೇನೂ ಇಲ್ಲ ಬಿಡಿ.

ಮಗ ಬಿಟ್ಟಿದ್ದನ್ನ ಮೊಮ್ಮಗ ಯಾಕೆ ಹುಡುಕ್ತಾನೆ

ಇದಕ್ಕೆ ಒಬ್ಬ ಇತಿಹಾಸಕಾರ ಹೆಸರಿಟ್ಟಷ್ಟು ಸ್ಪಷ್ಟವಾಗಿ ಉತ್ತರ ಕೊಟ್ಟಿದ್ದಾನೆ. ಮಾರ್ಕಸ್ ಲೀ ಹ್ಯಾನ್ಸನ್, 1892ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದವ, ಅಪ್ಪ ಡೆನ್ಮಾರ್ಕಿಂದ ಬಂದವ, ಅಮ್ಮ ನಾರ್ವೆ ಮೂಲದವಳು. 1937ರ ಒಂದು ಭಾಷಣದಲ್ಲಿ ಇವನು ಹೇಳಿದ್ದರ ಸಾರ ಇಷ್ಟು: ವಲಸಿಗನ ಮಗ ಏನನ್ನ ಮರೀಬೇಕು ಅಂತ ಬಯಸ್ತಾನೋ ಅದನ್ನೇ ಮೊಮ್ಮಗ ನೆನಪಿಟ್ಕೋಬೇಕು ಅಂತ ಬಯಸ್ತಾನೆ. ಮಗನಿಗೆ ಅಪ್ಪನ ಉಚ್ಚಾರಣೆ, ಅಪ್ಪನ ಶೂ, ಅಪ್ಪನ ಊಟ ಎಲ್ಲವೂ ಹೊಸ ದೇಶದಲ್ಲಿ ಮುಜುಗರ. ಮೊಮ್ಮಗ ಹುಟ್ಟೋ ಹೊತ್ತಿಗೆ ಅವನು ಅಮೆರಿಕನ್ ಹೌದೋ ಅಲ್ಲವೋ ಅಂತ ಯಾರೂ ಕೇಳಲ್ಲ, ಹಾಗಾಗಿ ಅಜ್ಜನ ವಸ್ತು ಅವನಿಗೆ ಮುಜುಗರ ತರಲ್ಲ, ಕುತೂಹಲ ತರತ್ತೆ. ಅಮೆರಿಕದಲ್ಲಿ ಮಕ್ಕಳು ಕನ್ನಡ ಮಾತಾಡಲ್ಲ ಅಂತ ಕೊರಗೋ ನಮ್ಮವರಿಗೆ ಈ ಮಾತು ಸಮಾಧಾನ ಕೊಡತ್ತೋ ಇಲ್ಲವೋ ಗೊತ್ತಿಲ್ಲ.

ಕೈಕಸುಬಿನ ವಿಷಯದಲ್ಲಿ ಇದಕ್ಕೊಂದು ತೊಡಕಿದೆ. ಅಡುಗೆ ಆದ್ರೆ ಬರೆದಿಟ್ಟಿರ್ತಾರೆ, ಹಾಡಾದ್ರೆ ಯಾರಿಗಾದ್ರೂ ಬಾಯಿಪಾಠ ಇರತ್ತೆ. ಮರದ ಶೂ ಒಳಗೆ ಚಾಕು ಎಷ್ಟು ಆಳ ಹೋಗ್ಬೇಕು ಅನ್ನೋದು ಕೈಯಲ್ಲಿ ಮಾತ್ರ ಇರತ್ತೆ, ಅಪ್ಪನ ಪಕ್ಕ ನಿಂತು ವರ್ಷಗಟ್ಟಲೆ ಮಾಡಿದ್ರೆ ಮಾತ್ರ ಬರತ್ತೆ. ಮಧ್ಯದ ತಲೆಮಾರು ಕಲೀಲಿಲ್ಲ ಅಂದ್ರೆ ಮೊಮ್ಮಗನಿಗೆ ಸಿಗೋದು ಅಟ್ಟದ ಮೇಲೆ ತುಕ್ಕು ಹಿಡಿದ ಸೊಟ್ಟ ಚಾಕು, ಚಮಚದಂಥ ಬೈರಿಗೆ, ಒಂದು ಹಳೇ ಜೊತೆ ಶೂ. ಯಾವುದನ್ನ ಯಾವುದಕ್ಕೆ ಬಳಸ್ತಿದ್ರು ಅಂತಲೂ ತಿಳಿಯಲ್ಲ. ಹಾಗಾಗಿ ಮತ್ತೆ ಕಲಿಯೋರು ಹಳೇ ಶೂ ಒಳಗಿನ ಚಾಕುವಿನ ಗುರುತು ನೋಡಿ, ಡೆನ್ಮಾರ್ಕಿಗೋ ಹಾಲೆಂಡಿಗೋ ಹೋಗಿ ಇನ್ನೂ ಮಾಡ್ತಿರೋ ಮುದುಕರ ಪಕ್ಕ ನಿಂತು, ಒಂದಷ್ಟು ಮರ ಹಾಳು ಮಾಡಿ ಕಲೀತಾರೆ.

ಈ ಹುಡುಕಾಟಕ್ಕೆ ಜಾಗ ಕೊಟ್ಟ ಊರು ಎಲ್ಕ್ ಹಾರ್ನ್. ಡೇನಿಶ್ ಮಾದರಿಯ ಜನತಾ ಶಾಲೆ, ಅಂದ್ರೆ ಹಳ್ಳಿಯ ಯುವಜನರಿಗೆ ಪರೀಕ್ಷೆ ಇಲ್ದೆ ಕಲಿಸೋ ಶಾಲೆ, ಅಮೆರಿಕದಲ್ಲಿ ಮೊದಲು ತೆರೆದಿದ್ದು ಇಲ್ಲೇ, 1878ರಲ್ಲಿ. ಈ ಸಣ್ಣ ಊರಿನವರು ಡೆನ್ಮಾರ್ಕಿನ ನೋರೆ ಸ್ನೇಡೆಯಲ್ಲಿ 1848ರಲ್ಲಿ ಕಟ್ಟಿದ್ದ ಒಂದು ಗಾಳಿಗಿರಣಿಯನ್ನ 1976ರಲ್ಲಿ ಬಿಚ್ಚಿಸಿ, ತೊಲೆ ತೊಲೆಗೂ ನಂಬರ್ ಹಾಕಿಸಿ, ಹಡಗಲ್ಲಿ ತರಿಸಿ, ಊರವರೇ ಸೇರಿ ಮತ್ತೆ ಜೋಡಿಸಿ ನಿಲ್ಲಿಸಿದ್ರು. 1983ರಲ್ಲಿ ಶುರುವಾದ ಡೇನಿಶ್ ವಲಸಿಗರ ಮ್ಯೂಸಿಯಂ ಕೂಡ ಇಲ್ಲೇ ಇದೆ, ಈಗ ಅದರ ಹೆಸರು ಮ್ಯೂಸಿಯಂ ಆಫ್ ಡೇನಿಶ್ ಅಮೆರಿಕ. ಅಜ್ಜನ ಪೆಟ್ಟಿಗೆಯಿಂದ ಸಿಕ್ಕಿದ್ದನ್ನ ಏನ್ ಮಾಡೋದು ಅಂತ ಗೊತ್ತಾಗದ ಕುಟುಂಬಗಳು ತಂದು ಕೊಡೋದು ಇಂಥ ಕಡೆಗೇ.

ಕ್ಯಾಲಿಫೋರ್ನಿಯಾದ ಸೊಲ್ವಾಂಗ್ ಇದಕ್ಕೆ ಉಲ್ಟಾ. 1911ರಲ್ಲಿ ಡೇನರೇ ಕಟ್ಟಿದ ಊರು ನಿಜ, ಆದ್ರೆ ಈಗ ಕಾಣೋ ಡೇನಿಶ್ ಮನೆ, ಗಿರಣಿ ಎಲ್ಲ ಹೆಚ್ಚಾಗಿ ಎರಡನೇ ಮಹಾಯುದ್ಧ ಆದ ಮೇಲೆ ಟೂರಿಸ್ಟ್‌ಗಳು ಬರೋಕೆ ಶುರು ಮಾಡಿದಾಗ ಆಗಿದ್ದು. ಅಲ್ಲೊಂದು ಅಂಗಡಿ ಮುಂದೆ ಮನುಷ್ಯ ಒಳಗೆ ನಿಂತು ಫೋಟೋ ತೆಗೆಸ್ಕೊಳ್ಳೋವಷ್ಟು ದೊಡ್ಡ ಕೆಂಪು ಕ್ಲಾಗ್ ಇದೆ. ಫೋಟೋಗೆ ಚೆನ್ನಾಗಿದೆ.

ಮುತ್ತಾತ ಶೂ ಕೆತ್ತೋನು ಅಂತ ಗೊತ್ತಾಗೋದು ಹೇಗೆ?

ಕುಟುಂಬದಲ್ಲಿ ಅಂತೆಕಂತೆ ಇರತ್ತೆ, ಪುರಾವೆ ಬೇಕಲ್ಲ. ಹೆಸರು ಹಿಡ್ಕೊಂಡು ಹೋದ್ರೆ ದಾರಿ ತಪ್ಪತ್ತೆ, ಯಾಕಂದ್ರೆ ಹಳೇ ಡೆನ್ಮಾರ್ಕಿನ ಹಳ್ಳಿಗಳಲ್ಲಿ ಮನೆತನದ ಹೆಸರು ಅನ್ನೋದೇ ಇರಲಿಲ್ಲ. ಯೆನ್ಸ್ ಅನ್ನೋನ ಮಗ ಹ್ಯಾನ್ಸ್ ಆದ್ರೆ ಅವನು ಹ್ಯಾನ್ಸ್ ಯೆನ್ಸನ್, ಅವನ ಮಗ ಪೀಟರ್ ಹ್ಯಾನ್ಸನ್. ನಮ್ಮ ಇನಿಷಿಯಲ್ ಪದ್ಧತಿ ಗೊತ್ತಿರೋರಿಗೆ ಇದು ತಕ್ಷಣ ಹೊಳೆಯತ್ತೆ, ತಲೆಮಾರಿಗೊಂದು ಹೆಸರು. ಸರ್ಕಾರ 1828ರಲ್ಲಿ, ಮತ್ತೆ 1856ರಲ್ಲಿ ಮನೆತನಕ್ಕೆ ಒಂದೇ ಹೆಸರು ಖಾಯಂ ಮಾಡಿ ಅಂದ ಮೇಲೆ ಎಲ್ರೂ ಆ ಹೊತ್ತಿಗೆ ಇದ್ದ ಹೆಸರಲ್ಲೇ ನಿಂತುಬಿಟ್ರು, ಅದಕ್ಕೇ ಇವತ್ತಿಗೂ ಅಲ್ಲಿ ಎಲ್ಲಿ ನೋಡಿದ್ರೂ ಯೆನ್ಸನ್, ನೀಲ್ಸನ್, ಹ್ಯಾನ್ಸನ್.

ಕಸುಬು ಹಿಡ್ಕೊಂಡು ಹೋದ್ರೆ ಸುಲಭ. 1787, 1801, 1834, 1840ರ ಜನಗಣತಿ ಪುಸ್ತಕಗಳಲ್ಲಿ ಮನೆಮನೆಯ ಜನರ ಹೆಸರು, ವಯಸ್ಸು, ಜೊತೆಗೆ ಏನು ಮಾಡಿ ಹೊಟ್ಟೆ ಹೊರೀತಾರೆ ಅಂತ ಬರೆದಿದೆ, 1845ರಿಂದ ಹುಟ್ಟಿದ ಊರೂ ಸೇರ್ಕೊಳ್ತು. ಚರ್ಚಿನ ದಾಖಲೆಯಲ್ಲಿ ಹುಟ್ಟು, ಮದುವೆ, ಸಾವು. ಈ ಚರ್ಚ್ ಪುಸ್ತಕಗಳದ್ದು ಒಂದು ಚೆಂದದ ನಿಯಮ ಇದೆ: 1814ರ ಸುಮಾರಿಂದ ಎರಡು ಪ್ರತಿ ಬರೀಬೇಕು, ಎರಡೂ ಪ್ರತಿ ಒಂದು ರಾತ್ರಿಯೂ ಒಂದೇ ಸೂರಿನಡಿ ಇರಕೂಡದು, ಬೆಂಕಿ ಬಿದ್ರೆ ಒಂದಾದ್ರೂ ಉಳೀಲಿ ಅಂತ. ಕ್ಲೌಡ್ ಬ್ಯಾಕಪ್ ಮಾಡೋದನ್ನ ಮರೆಯೋ ನಾವು ತಲೆ ತಗ್ಗಿಸ್ಬೇಕು.

ದೇಶ ಬಿಟ್ಟವರ ಪಟ್ಟಿಯೂ ಇದೆ. 1868ರ ಕಾನೂನಿನ ಪ್ರಕಾರ ಹಡಗಿನ ಏಜೆಂಟರು ಮಾಡೋ ಪ್ರತಿ ಒಪ್ಪಂದವನ್ನ ಕೋಪನ್‌ಹೇಗನ್ ಪೊಲೀಸರು ನೋಡಿ ಸಹಿ ಹಾಕ್ಬೇಕಿತ್ತು, ಮೋಸ ಆಗದಿರಲಿ ಅಂತ. ಆ ರಿಜಿಸ್ಟರ್‌ಗಳಲ್ಲಿ ಹೆಸರು, ವಯಸ್ಸು, ಕಸುಬು, ಬಿಟ್ಟ ಊರು, ಹೋಗೋ ಊರು ಎಲ್ಲ ಇದೆ. ಓಲ್ಬೋರ್ ಪಟ್ಟಣದಲ್ಲಿ 1932ರಿಂದ ವಲಸಿಗರ ಪತ್ರ, ಡೈರಿ ಕೂಡಿಸಿಟ್ಟಿರೋ ಆರ್ಕೈವ್ ಇದೆ, ಅದನ್ನ ಮಾಡಿಸಿದ್ದು ಓಲ್ಬೋರಲ್ಲೇ ಹುಟ್ಟಿ ಶಿಕಾಗೋಗೆ ಹೋಗಿದ್ದ ಮ್ಯಾಕ್ಸ್ ಹೇನಿಯಸ್. ಹಳೇ ಚರ್ಚ್ ಪುಸ್ತಕ, ಜನಗಣತಿಯ ಸ್ಕ್ಯಾನ್‌ಗಳನ್ನ ಡೆನ್ಮಾರ್ಕಿನ ರಾಷ್ಟ್ರೀಯ ಆರ್ಕೈವ್ ಆನ್‌ಲೈನಲ್ಲಿ ಪುಕ್ಕಟೆ ಇಟ್ಟಿದೆ, ಹಳೇ ಗೋಥಿಕ್ ಕೈಬರಹ ಓದೋಕೆ ಬಂದ್ರೆ ಸಾಕು, ಅದೊಂದೇ ತಲೆನೋವು.

ಇವತ್ತು ತಗೊಳ್ಳೋದಾದ್ರೆ

ಡ್ಯಾನ್ಸ್ಕೊ ಅಮೆರಿಕನ್ ಕಂಪನಿ. ಮ್ಯಾಂಡಿ ಕ್ಯಾಬಟ್ ಮತ್ತು ಡೆನ್ಮಾರ್ಕಲ್ಲಿ ಹುಟ್ಟಿದ ಪೀಟರ್ ಕೆಲ್ಲರಪ್ ಅನ್ನೋ ದಂಪತಿ ಕುದುರೆ ವ್ಯವಹಾರಕ್ಕೆ ಡೆನ್ಮಾರ್ಕಿಗೆ ಹೋದಾಗ ಅಲ್ಲಿನ ಕ್ಲಾಗ್ ಹಿಡಿಸಿ, ತಂದು ಮಾರ್ತಾ ಮಾರ್ತಾ 1990ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಶುರು ಮಾಡಿದ್ದು. ಆಗ ತರಿಸ್ತಿದ್ದಿದ್ದು ಮೇಲೆ ಹೇಳಿದ ಸನಿಟಾ ಕಂಪನಿಯದ್ದೇ ಮಾಲು, ಆಮೇಲೆ ಇಬ್ಬರ ದಾರಿ ಬೇರೆಯಾಯ್ತು. ಆಸ್ಪತ್ರೆಯಲ್ಲಿ ಜನಪ್ರಿಯ ಆಗಿರೋ ಇವರ ಮಾಡೆಲ್‌ನಲ್ಲಿ ಅಡಿ ಮರದ್ದಲ್ಲ, ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್. ಆದ್ರೆ ಮೇಲೆದ್ದ ಮೂತಿ, ಹೊರಳೋ ಅಡಿ, ಸಡಿಲ ಹಿಮ್ಮಡಿ, ಅಂಚಿಗೆ ಸುತ್ತ ಪಿನ್ ಹೊಡೆದ ಚರ್ಮ, ಎಲ್ಲ ಟ್ರೆಸ್ಕೊದಿಂದ ನೇರವಾಗಿ ಬಂದಿದ್ದು. ನೀರು ಚೆಲ್ಲೋ ನೆಲ, ಗಂಟೆಗಟ್ಟಲೆ ನಿಲ್ಲೋ ಕೆಲಸ, ಕೈ ಹಚ್ಚದೆ ಹಾಕಿ ತೆಗೆಯೋ ಅನುಕೂಲ: ಆಪರೇಷನ್ ಥಿಯೇಟರಿಗೂ ಹಳೇ ಕೊಟ್ಟಿಗೆಗೂ ಬೇಕಾಗಿದ್ದು ಒಂದೇ ಅನ್ನೋದು ಕೇಳೋಕೆ ವಿಚಿತ್ರ, ಆದ್ರೆ ನಿಜ.

ನಿಜವಾದ ಮರದ ಅಡಿಯದ್ದು ತಗೊಳ್ಳೋರು ಹಿಮ್ಮಡಿ ಹಿಂದೆ ಒಂದು ಬೆರಳು ಜಾಗ ಇದೆಯಾ ನೋಡಿ, ಪಾದದ ಮೇಲ್ಭಾಗ ಮಾತ್ರ ಬಿಗಿಯಾಗಿರಲಿ, ಚರ್ಮ ಆಮೇಲೆ ಸಡಿಲ ಆಗತ್ತೆ. ಮೊದಲ ವಾರ ಮನೆಯೊಳಗೆ ಸ್ವಲ್ಪ ಸ್ವಲ್ಪ ಹೊತ್ತು ಹಾಕಿ. ಮೆಟ್ಟಿಲು ಇಳಿಯುವಾಗ, ಉಬ್ಬುತಗ್ಗು ರಸ್ತೆಯಲ್ಲಿ ಹುಷಾರು, ಅಡಿ ಎತ್ತರ ಮತ್ತು ಗಟ್ಟಿ ಇರೋದ್ರಿಂದ ಕಾಲು ತಿರುಚೋ ಸಾಧ್ಯತೆ ಇದೆ, ನಮ್ಮ ಫುಟ್‌ಪಾತ್‌ಗಳಿಗೆ ಇದು ಹೇಳಿ ಮಾಡ್ಸಿದ್ದಲ್ಲ. ಬೈಕ್ ಓಡಿಸುವಾಗಂತೂ ಬೇಡವೇ ಬೇಡ. ಒದ್ದೆ ಆದ್ರೆ ಬಿಸಿಲಲ್ಲೋ ಸ್ಟವ್ ಪಕ್ಕದಲ್ಲೋ ಇಡಬೇಡಿ, ಮೇಲೆ ಹೇಳಿದ ಕುಗ್ಗೋ ಲೆಕ್ಕ ನೆನಪಿದ್ಯಲ್ಲ, ಬಿರುಕು ಬಿಡತ್ತೆ. ನೆರಳಲ್ಲಿ ಅಡ್ಡ ಮಲಗಿಸಿಡಿ, ಆಗೊಮ್ಮೆ ಈಗೊಮ್ಮೆ ಮರಕ್ಕೆ ಅಗಸೆ ಎಣ್ಣೆ ಸವರಿ. ಅಡಿಗೆ ಅಂಟಿಸಿರೋ ತೆಳ್ಳನೆ ರಬ್ಬರ್ ಸವೆದ್ರೆ ಮರ ಸವೆಯೋ ಮುಂಚೆ ಚಪ್ಪಲಿ ರಿಪೇರಿಯವರ ಹತ್ರ ಹೊಸದು ಹಾಕಿಸಿಬಿಡಿ, ಮರ ಒಂದ್ಸಲ ಒಂದು ಕಡೆ ವಾಲಿ ಸವೆದ್ರೆ ಮತ್ತೆ ಸರಿ ಮಾಡೋದು ಕಷ್ಟ.